ಭಾನುವಾರದ ಸೈಕಲ್ ಸವಾರಿ: ಮೆಲಾಕಾದ ಓಣಿಗಳಲ್ಲಿ

ಮೆಲಾಕಾಕ್ಕೆ ಬರುವ ನಮ್ಮ ಬಂಧುಮಿತ್ರರ ಕಾರ್ಯಕ್ರಮ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಕೌಲಾಲಂಪುರದಿಂದ ಎರಡು ಗಂಟೆಯ ಕಾರು ಪ್ರಯಾಣ, ಡಚ್ಚರ ಕೆಂಪು ಕಟ್ಟಡದ ಮುಂದೆ ನಿಂತು ಒಂದು ಫೋಟೋ, ಹೂವು ಬೊಂಬೆಗಳಿಂದ ಸಿಂಗರಿಸಿದ ಮೂರು ಗಾಲಿಯ ಬೆಚಾ ಗಾಡಿಯಲ್ಲಿ ಒಂದು ಸುತ್ತು, ಜೋಂಕರ್ ಬೀದಿಯಲ್ಲಿ ಒಂದಿಷ್ಟು ಖರೀದಿ, ಕತ್ತಲಾಗುವ ಮೊದಲೇ ವಾಪಸು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಊರಿನಲ್ಲೇ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳವರು ಊರು ನೋಡಲು ಬೇರೊಂದು ದಾರಿ ಹಿಡಿದಿದ್ದೇವೆ. ಕಾರಿನಲ್ಲಿ ಹೋದರೆ ಇಲ್ಲಿಯ ಓಣಿಗಳು ಕಾಣುವುದೇ ಇಲ್ಲ. ನಡೆದು ಹೋದರೆ ಇಲ್ಲಿಯ ಬಿಸಿಲಿಗೆ ಎರಡನೆಯ ಬೀದಿಯಲ್ಲೇ ಮಕ್ಕಳು ಐಸ್ ಕ್ರೀಮಿಗಾಗಿ ಸತ್ಯಾಗ್ರಹ ಹೂಡುತ್ತಾರೆ. ಎರಡಕ್ಕೂ ನಡುವಿನದು ಸೈಕಲ್ಲು. ವಾರಾಂತ್ಯದ ಈ ಸವಾರಿ ನಮಗೆ ವ್ಯಾಯಾಮವೆಂದು ಆರಂಭವಾಯಿತು. ಈಗ ವ್ಯಾಯಾಮಕ್ಕಿಂತ ಹೆಚ್ಚಿನದೇನೋ ಆಗಿದೆ. ಅದನ್ನು ಸದಸ್ಯ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಸೈಕಲ್ಲೆಂದರೆ ನಮ್ಮ ತಲೆಮಾರಿನವರಿಗೆ ಹೊಸ ವಿಷಯವೇನಲ್ಲ. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಸೈಕಲ್ ಶಾಪಿನಿಂದ ತಂದು, ಸೀಟಿಗೆ ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಕತ್ತರಿ ಪೆಡಲು ಹೊಡೆದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ರಾತ್ರಿ ದೀಪವಿಲ್ಲದೆ ಡಬ್ಬಲ್ ರೈಡ್ ಹೊರಟು, ಪೋಲೀಸನ ಟೋಪಿ ಕಂಡೊಡನೆ ಹಿಂದಿನವನು ಧುಮುಕಿ ಏನೂ ಅರಿಯದವನಂತೆ ನಡೆದುಹೋಗುವ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ. ವಿಜಯಪುರ, ಬಾಗಲಕೋಟೆಯ ಕಡೆಯವರಿಗಂತೂ ಸೈಕಲ್ಲು ಬರೀ ವಾಹನವಲ್ಲ, ಪಂದ್ಯದ ಕುದುರೆ. ದೇಶಕ್ಕೇ ಹೆಸರಾದ ಸೈಕಲ್ ಪಟುಗಳು ಬಂದದ್ದು ಆ ಜಿಲ್ಲೆಗಳಿಂದ. ಎಂಟನೆಯ ತರಗತಿಯ ಮಕ್ಕಳಿಗೆ ಕರ್ನಾಟಕ ಸರ್ಕಾರ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಹೈಸ್ಕೂಲು ದೂರವೆಂದು ಮನೆಯಲ್ಲೇ ಉಳಿಯಬೇಕಾಗಿದ್ದ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಆ ಸೈಕಲ್ಲೇ ಶಾಲೆಯ ದಾರಿಯಾಯಿತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕಥೆ ಬೇರೆ. ಅವರ ಲೋಕ ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಶಾಲೆಗೆ. ಅವರನ್ನು ಗಾಳಿಗೆ ಒಡ್ಡಬೇಕೆಂಬುದೇ ನಮ್ಮ ಮೊದಲ ಆಸೆಯಾಗಿತ್ತು.

ಹೊರಡುವ ಹೊತ್ತು

ನಾವು ಹೊರಡುವುದು ಬೆಳಗಿನ ಏಳು ಗಂಟೆಗೆ. ಅದಕ್ಕೆ ಮೊದಲು ಹೊರಟರೆ ಕತ್ತಲು. ಮಲೇಷ್ಯದ ಪರ್ಯಾಯದ್ವೀಪದ ಗಡಿಯಾರಗಳನ್ನು 1982ರ ಜನವರಿ 1ರಿಂದ ಅರ್ಧ ಗಂಟೆ ಮುಂದಕ್ಕೆ ತಳ್ಳಿ, ಸಬಾ ಮತ್ತು ಸರವಾಕ್ ರಾಜ್ಯಗಳ ವೇಳೆಗೆ ಸರಿಹೊಂದಿಸಲಾಯಿತು. ಹೀಗಾಗಿ ವಿಷುವದ್ರೇಖೆಗೆ ಇಷ್ಟು ಹತ್ತಿರವಿದ್ದರೂ ಇಲ್ಲಿ ಸೂರ್ಯೋದಯ ಏಳು ಗಂಟೆಯ ಆಸುಪಾಸಿಗೆ. ಊರಿನಲ್ಲಿ ಆಗ ನಾಲ್ಕೂವರೆ. ಅಲ್ಲಿ ಅಜ್ಜಿ ಎದ್ದು ಒಲೆ ಹಚ್ಚುವ ಹೊತ್ತಿಗೆ ಇಲ್ಲಿ ಮೊಮ್ಮಕ್ಕಳ ಸವಾರಿ ಅರ್ಧ ಮುಗಿದಿರುತ್ತದೆ. ಒಂಬತ್ತೂವರೆಯ ಮೇಲೆ ಬಿಸಿಲು ಬೆನ್ನು ಸುಡತೊಡಗುವುದರಿಂದ ಹತ್ತರೊಳಗೆ ಮನೆ ಸೇರಲೇಬೇಕು. ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ ಬೇರೆ.

ಒಂದೇ ಸಾಲು, ರಸ್ತೆಯ ಎಡಗಡೆ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು, ನಡುವೆ ಮಕ್ಕಳು, ಎಲ್ಲರ ತಲೆಗೂ ಹೆಲ್ಮೆಟ್ಟು. ಇವಿಷ್ಟೇ ನಿಯಮಗಳು. ಇನ್ನೊಂದು ನಿಯಮ ತಾನಾಗಿಯೇ ಸೇರಿಕೊಂಡಿತು. ಸಾಲಿನಲ್ಲಿ ಹೋಗುವಾಗ ಮುಂದಿನವರು ಕಂಡದ್ದನ್ನು ಕೂಗಿ ಹೇಳಬೇಕು. ಹಿಂದಿನವರು ಅದನ್ನು ತಮ್ಮ ಹಿಂದಿನವರಿಗೆ ದಾಟಿಸಬೇಕು. ದೊಡ್ಡವರ ಬಾಯಲ್ಲಿ ಅವಸರಕ್ಕೆ ಬಂದದ್ದು ಕನ್ನಡವೇ. ‘ಗುಂಡಿ!’, ‘ಲಾರಿ ಬಂತು, ಎಡಕ್ಕೆ!’, ‘ನಿಲ್ಲು ನಿಲ್ಲು!’, ‘ನಾಯಿ, ಹುಷಾರು!’ ಮಕ್ಕಳು ಅದನ್ನೇ ಕೂಗತೊಡಗಿದರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳೇ ಇವರು. ಈ ಮಾತಿಗೆ ಮುಂದೆ ಬರೋಣ.

ನೆಲ್ಲಿಯ ಮರದ ಊರು

ಸವಾರಿಯ ಆರಂಭ ಡಚ್ ಚೌಕದಿಂದ. ಜನಸಂದಣಿ ಸೇರುವ ಮುನ್ನ ಬೆಳಗಿನ ತಂಪಿನಲ್ಲಿ ಆ ಜಾಗವೇ ಬೇರೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಡಚ್ಚರು ಕಟ್ಟಿದ ಸ್ಟಾಡ್‌ಹೌಸ್ ಕಚೇರಿ, ಅದರ ಮಗ್ಗುಲಿಗೆ 1753ರಲ್ಲಿ ಮುಗಿದ ಕ್ರೈಸ್ಟ್ ಚರ್ಚು, ಎದುರಿಗೆ 1886ರ ಗಡಿಯಾರ ಗೋಪುರ. ಸುಮಾರು 1400ರಲ್ಲಿ ಈ ಊರನ್ನು ಕಟ್ಟಿದ ಪರಮೇಶ್ವರನೆಂಬ ರಾಜಕುಮಾರ ಒಂದು ಮರದ ಕೆಳಗೆ ವಿಶ್ರಮಿಸುತ್ತಿದ್ದಾಗ, ಒಂದು ಪುಟ್ಟ ಬರಿಂಕ ಅವನ ಬೇಟೆನಾಯಿಯನ್ನು ಒದ್ದು ಹೊಳೆಗೆ ಕೆಡವಿತಂತೆ. ಆ ನೆಲದ ಕೆಚ್ಚನ್ನು ಮೆಚ್ಚಿ ಅಲ್ಲೇ ರಾಜಧಾನಿ ಕಟ್ಟಿ, ಆ ಮರದ ಹೆಸರನ್ನೇ ಊರಿಗೆ ಇಟ್ಟನೆಂದು ಇಲ್ಲಿಯ ಮಕ್ಕಳೆಲ್ಲ ಹೇಳುತ್ತಾರೆ. ಆ ಮೆಲಾಕಾ ಮರ ಯಾವುದೆಂದುಕೊಂಡಿರಿ? ನಮ್ಮ ಬೆಟ್ಟದ ನೆಲ್ಲಿ! ಸಂಸ್ಕೃತದ ಆಮಲಕವೇ ಮಲಯ ಭಾಷೆಯಲ್ಲಿ ಮೆಲಾಕಾ ಆಯಿತೆಂದು ಬಲ್ಲವರ ಅಭಿಪ್ರಾಯ. ಬೆಟ್ಟದ ನೆಲ್ಲಿಕಾಯಿಗೂ ಕಡಲಿನ ಉಪ್ಪಿಗೂ ನಂಟು ಹೇಳಿದ ವಚನಕಾರರ ನಾಡಿನಿಂದ ಬಂದ ನಾವು ಕಡಲ ದಡದ ನೆಲ್ಲಿಯ ಊರಿನಲ್ಲಿ ಮನೆ ಮಾಡಿರುವುದು ಸೋಜಿಗವೇ ಸರಿ.

1511ರ ಆಗಸ್ಟಿನಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಈ ಊರನ್ನು ಗೆದ್ದ. ಅದಕ್ಕೆ ಹಿಂದಿನ ವರ್ಷ ಅವನು ಗೋವೆಯನ್ನು ಹಿಡಿದಾಗ ನೆರವಾದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ‘ತಿಮೋಜ’. ಆಮೇಲೆ 1641ರಲ್ಲಿ ಡಚ್ಚರು, 1824ರ ಒಪ್ಪಂದದಿಂದ ಬ್ರಿಟಿಷರು. 1957ರ ಆಗಸ್ಟ್ 31ರಂದು ಸ್ವಾತಂತ್ರ್ಯ ಬರಲಿದೆಯೆಂಬುದನ್ನು ಟುಂಕು ಅಬ್ದುಲ್ ರಹಮಾನರು ಮೊದಲು ಸಾರಿದ್ದು ಕೂಡ ಇದೇ ಊರಿನ ಮೈದಾನದಲ್ಲಿ, 1956ರ ಫೆಬ್ರವರಿ 20ರಂದು. ಸಂತ ಪಾಲರ ಗುಡ್ಡದ ಮೇಲಿರುವ ಮುರುಕಲು ಇಗರ್ಜಿಗೆ ಸೈಕಲ್ಲು ಹತ್ತುವುದಿಲ್ಲ, ಮೆಟ್ಟಿಲು ಹತ್ತಬೇಕು. ಹಳೆಯ ಗೋವೆಯಲ್ಲಿ ದರ್ಶನಕ್ಕಿಟ್ಟಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರವನ್ನು ಅಲ್ಲಿಗೆ ಒಯ್ಯುವ ಮೊದಲು 1553ರಲ್ಲಿ ಕೆಲವು ತಿಂಗಳು ಮಣ್ಣು ಮಾಡಿದ್ದು ಇಲ್ಲಿ.

ಹೊಳೆ ದಾಟಿದರೆ ಹಳೆಯ ಪೇಟೆ. ಅಕ್ಕಸಾಲಿಗರ ಬೀದಿಯಲ್ಲಿ ಒಂದೆರಡು ನಿಮಿಷದ ಅಂತರದಲ್ಲಿ 1781ರ ಶ್ರೀ ಪೊಯ್ಯಾತ ವಿನಾಯಗರ್ ದೇವಸ್ಥಾನ, 1748ರ ಕಂಪುಂಗ್ ಕ್ಲಿಂಗ್ ಮಸೀದಿ, 17ನೆಯ ಶತಮಾನದ ಚೆಂಗ್ ಹೂನ್ ತೆಂಗ್ ಚೀನೀ ದೇವಾಲಯ. ಬೆಳಗಿನಲ್ಲಿ ಒಂದರ ಘಂಟೆಯ ದನಿಗೆ ಇನ್ನೊಂದರ ಊದುಬತ್ತಿಯ ಹೊಗೆ ಬೆರೆಯುತ್ತದೆ. ವಿನಾಯಕನಿಗೆ ಕೈಮುಗಿದೇ ನಾವು ಮುಂದಕ್ಕೆ ಪೆಡಲು ತುಳಿಯುವುದು. 2008ರ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆ ಪಿನಾಂಗಿನ ಜಾರ್ಜ್ ಟೌನ್ ಜೊತೆಗೆ ಈ ಊರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇಂಥ ಬೀದಿಗಳಿಗಾಗಿಯೇ.

ಮಾತು ಮರೆತು ದೇವರನ್ನು ಉಳಿಸಿಕೊಂಡವರು

ಅಲ್ಲಿಂದ ಉತ್ತರದ ಕಡೆ ಹತ್ತು ನಿಮಿಷ ತುಳಿದರೆ ಗಾಜಾ ಬೆರಾಂಗ್. ಹೆಸರಿನ ಗಾಜಾ ನಮ್ಮ ಗಜವೇ. ಅಲ್ಲಿದೆ ಮೆಲಾಕಾ ಚೆಟ್ಟಿಗಳ ಕೇರಿ. ಬ್ರಿಟಿಷರ ಕಾಲದಲ್ಲಿ ಲೇವಾದೇವಿಗೆಂದು ಬಂದ ನಾಟುಕೋಟೈ ಚೆಟ್ಟಿಯಾರರು ಇವರಲ್ಲ. ಇವರು ಅದಕ್ಕೂ ಬಹಳ ಹಿಂದೆ, ಸುಲ್ತಾನರ ಕಾಲದಲ್ಲೇ, ಕೋರಮಂಡಲ ತೀರದಿಂದ ವ್ಯಾಪಾರಕ್ಕೆ ಬಂದು, ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆಸಿದವರ ಸಂತತಿ. ಮನೆಯ ಬಾಗಿಲಿಗೆ ಮಾವಿನ ತೋರಣ. ಒಳಗೆ ದೇವರ ಮನೆ. ಹೆಂಗಸರ ಉಡುಪು ಮಾತ್ರ ಮಲಯ ರೀತಿಯ ಸಾರೋಂಗ್ ಕೆಬಾಯಾ, ಆಡುವ ಮಾತು ಮಲಯದ ಒಂದು ಬಗೆ. ತಮಿಳು ಅವರ ಮನೆಮಾತಾಗಿ ಉಳಿದು ಎಷ್ಟೋ ತಲೆಮಾರುಗಳಾದವು.

ಆದರೆ ಪೂಜೆ ಉಳಿದಿದೆ. ಇಲ್ಲಿಯ ಶ್ರೀ ಮುತ್ತು ಮಾರಿಯಮ್ಮನ್ ಗುಡಿ 1822ರಷ್ಟು ಹಳೆಯದು. ಪ್ರತಿವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಹತ್ತು ದಿನ ನಡೆಯುವ ಇಲ್ಲಿಯ ಜಾತ್ರೆಗೆ ‘ದಾತೋ ಚಾಚಾರ್’ ಎಂದು ಮಲಯ ಹೆಸರು. ಚಾಚಾರ್ ಎಂದರೆ ಸಿಡುಬು. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಮಾರಮ್ಮನ ಒಕ್ಕಲಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಜಾತ್ರೆ ಮಾತ್ರ ನಿಂತಿಲ್ಲ. ಸಂಕ್ರಾಂತಿಗೆ ಮುನ್ನ, ಭೋಗಿಯ ವೇಳೆಗೆ ಬಾಳೆಯೆಲೆಯ ಮೇಲೆ ಹಿರಿಯರಿಗೆ ಅವರವರಿಗೆ ಮೆಚ್ಚಾದ ಅಡುಗೆ ಬಡಿಸಿಡುತ್ತಾರೆ. ಅದಕ್ಕೆ ಅವರಲ್ಲಿ ‘ಪರ್ಚು’ ಎಂದು ಹೆಸರು. ನಮ್ಮ ಪಿತೃಪಕ್ಷದ ಎಡೆಯೇ ಕಣ್ಣ ಮುಂದೆ ಬರುತ್ತದೆ. ಜೋಂಕರ್ ಬೀದಿಯ ಸುತ್ತಿನ ಬಾಬಾ ಚೀನೀಯರದೂ ಇದೇ ದಾರಿ. ಪೂರ್ವಿಕರ ಪೀಠ ಮನೆಯಲ್ಲಿ ಭದ್ರ, ಪೂರ್ವಿಕರ ಮಾತು ಮಾತ್ರ ಮಲಯವಾಗಿ ಹೋಗಿದೆ.

ಚೆಟ್ಟಿ ಕೇರಿಯ ನೆರಳಿನಲ್ಲಿ ನೀರು ಕುಡಿಯುತ್ತ ನಿಂತಾಗ ನಮ್ಮ ಗುಂಪಿನ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು: “ಇವರು ತಮಿಳು ಬಿಟ್ಟೂ ಚೆನ್ನಾಗಿದ್ದಾರಲ್ಲ, ಹಾಗಾದರೆ ನಾವು ಕನ್ನಡ ಕ್ಲಾಸಿಗೆ ಯಾಕೆ ಹೋಗಬೇಕು?” ಕೇಳಿದ್ದು ಇಂಗ್ಲಿಷಿನಲ್ಲೇ ಎಂದು ಬೇರೆ ಹೇಳಬೇಕಾಗಿಲ್ಲ. ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಪ್ರಶ್ನೆಯಲ್ಲಿ ತುಂಟತನವಿತ್ತು, ನಿಜ. ಆದರೆ ಸುಳ್ಳಿರಲಿಲ್ಲ. ಚೆಟ್ಟಿಗಳು ಯಾವುದರಲ್ಲೂ ಕಡಿಮೆಯಾದವರಲ್ಲ. ಅವರಷ್ಟು ಶ್ರದ್ಧೆಯಿಂದ ಹಬ್ಬ ಹರಿದಿನ ಮಾಡುವವರು ನಮ್ಮಲ್ಲೇ ಎಷ್ಟು ಜನ?

ಗುಡ್ಡದ ಬುಡ, ಯುದ್ಧದ ಸೈಕಲ್ಲು

ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾವು ಹೊಳೆಯ ಪಕ್ಕದ ಕಂಪುಂಗ್ ಮಾರ್ಟನ್ ಹಾದು ಬುಕಿತ್ ಚೀನಾ ಗುಡ್ಡದ ಬುಡಕ್ಕೆ ಬಂದೆವು. ಕಂಪುಂಗ್ ಮಾರ್ಟನ್ ಎಂಬುದು ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರು ಹೊತ್ತ, ಮರದ ಮನೆಗಳ ಮಲಯ ಹಳ್ಳಿ. ಪೇಟೆಯ ನಡುವೆಯೇ ಇದ್ದರೂ ಅಲ್ಲಿ ಕೋಳಿ ಕೂಗುವುದು ಕೇಳಿಸುತ್ತದೆ. ಬುಕಿತ್ ಚೀನಾ ಸಾವಿರಾರು ಹಳೆಯ ಗೋರಿಗಳ ಚೀನೀ ರುದ್ರಭೂಮಿ. 1984ರಲ್ಲಿ ಗುಡ್ಡವನ್ನು ಅಗೆದು ಕಟ್ಟಡ ಕಟ್ಟುವ ಯೋಜನೆ ಬಂದಾಗ ಜನ ಗಟ್ಟಿಯಾಗಿ ವಿರೋಧಿಸಿದರು, ಗುಡ್ಡ ಉಳಿಯಿತು. ಇಂದು ಬೆಳಗಿನ ನಡಿಗೆಯವರಿಗೆಲ್ಲ ಅದೇ ಉದ್ಯಾನ.

ಗುಡ್ಡದ ಬುಡದಲ್ಲಿ ಜಪಾನೀಯರ ಆಳ್ವಿಕೆಯಲ್ಲಿ ಸತ್ತ ಚೀನೀಯರ ಸ್ಮಾರಕವಿದೆ. ಸೈಕಲ್ಲಿಗೂ ಆ ಯುದ್ಧಕ್ಕೂ ನಂಟುಂಟು. 1941ರ ಡಿಸೆಂಬರ್ 8ರಂದು ಕೋಟಾ ಬಾರುವಿನಲ್ಲಿ ಇಳಿದ ಜಪಾನೀ ಸೈನ್ಯ ಸುಮಾರು 55 ದಿನಗಳಲ್ಲಿ ಇಡೀ ಪರ್ಯಾಯದ್ವೀಪವನ್ನು ದಾಟಿತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಅದರ ಕಾಲಾಳುಗಳಲ್ಲಿ ಸಾವಿರಾರು ಮಂದಿ ಬಂದದ್ದು ಸೈಕಲ್ಲಿನ ಮೇಲೆ, ಅವುಗಳಲ್ಲಿ ಎಷ್ಟೋ ಊರವರಿಂದ ಕಿತ್ತುಕೊಂಡವು. ಟೈರು ಸಿಡಿದರೆ ಬರೀ ಕಬ್ಬಿಣದ ರಿಮ್ಮಿನ ಮೇಲೆಯೇ ತುಳಿಯುತ್ತಿದ್ದರು. ರಾತ್ರಿಯಲ್ಲಿ ಆ ಕರಕರ ಸದ್ದನ್ನು ಟ್ಯಾಂಕುಗಳೆಂದು ಭಾವಿಸಿ ಎದುರಾಳಿಗಳು ಬೆಚ್ಚಿದ್ದುಂಟು. 1905ರಿಂದ ತಂಪಿನ್ ಮತ್ತು ಮೆಲಾಕಾ ನಡುವೆ ಓಡುತ್ತಿದ್ದ ರೈಲಿನ ಹಳಿಗಳನ್ನೂ ಜಪಾನೀಯರು ಕಿತ್ತು, ಸಯಾಮ್-ಬರ್ಮಾ ರೈಲುದಾರಿಗೆ ಒಯ್ದರು. ಈ ನಗರಕ್ಕೆ ಇಂದಿಗೂ ರೈಲು ಮರಳಿ ಬಂದಿಲ್ಲ. ಗಂಟೆ ಬಾರಿಸುತ್ತ ನಗುತ್ತ ಹೋಗುವ ಮಕ್ಕಳಿಗೆ ಇದನ್ನೆಲ್ಲ ಹೇಳುವಾಗ ನಮ್ಮ ದನಿ ತಾನಾಗಿಯೇ ತಗ್ಗುತ್ತದೆ.

ಮಾತನ್ನು ಉಳಿಸಿಕೊಂಡವರು

ಅಲ್ಲಿಂದ ಬಂದಾರ್ ಹಿಲಿರ್ ಹಾದು ಕಡಲಿನ ಕಡೆ ತುಳಿದರೆ ಉಜೋಂಗ್ ಪಾಸಿರ್. 1930ರ ದಶಕದಲ್ಲಿ ಬಡ ಬೆಸ್ತ ಕುಟುಂಬಗಳಿಗೆಂದು ಏರ್ಪಟ್ಟ ಪೋರ್ಚುಗೀಸ್ ಬಡಾವಣೆ ಇಲ್ಲಿದೆ. ಬೀದಿಗಳಿಗೆ ಅಲ್ಬುಕರ್ಕ್, ಸಿಕ್ವೇರಾ ಮುಂತಾದ ಹೆಸರು. ಜನರ ಮನೆತನದ ಹೆಸರುಗಳು ಡಿಸಿಲ್ವಾ, ಡಿಕೋಸ್ಟಾ, ಫರ್ನಾಂಡಿಸ್. ದಕ್ಷಿಣ ಕನ್ನಡದವರಿಗೆ ತಮ್ಮೂರಿನ ಇಗರ್ಜಿಯ ಮುಂದೆ ಇಳಿದಂತೆಯೇ ಆಗುತ್ತದೆ. ಪ್ರತಿವರ್ಷ ಜೂನ್ 29ರ ವೇಳೆಗೆ ಬೆಸ್ತರ ಸಂತ ಪೇತ್ರನ ಹಬ್ಬ. ಆಗ ದೋಣಿಗಳನ್ನು ಸಿಂಗರಿಸಿ ಪಾದ್ರಿಗಳಿಂದ ಆಶೀರ್ವಾದ ಮಾಡಿಸುತ್ತಾರೆ.

ಈ ಜನ ಆಡುವ ಮಾತಿನ ಹೆಸರು ಕ್ರಿಸ್ತಾಂಗ್. ಪೋರ್ಚುಗೀಸಿನಿಂದ ಹುಟ್ಟಿ ಮಲಯದೊಡನೆ ಬೆರೆತ ಭಾಷೆ. ಪೋರ್ಚುಗೀಸರು ಇಲ್ಲಿ ಆಳಿದ್ದು 130 ವರ್ಷ. ಅವರು ಹೊರಟುಹೋಗಿ 380 ವರ್ಷಗಳೇ ಮೀರಿದವು. ಅವರ ಹಿಂದೆ ಈ ಭಾಷೆಗೆ ಸರ್ಕಾರವಿರಲಿಲ್ಲ, ಶಾಲೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ. ಆದರೂ ಅದು ಬಾಳಿತು. ದಡದಲ್ಲಿ ಬಲೆ ಎಳೆಯುವಾಗ, ಅಡುಗೆಮನೆಯಲ್ಲಿ, ಬೈಗುಳದಲ್ಲಿ, ಜೋಗುಳದಲ್ಲಿ ಅದಕ್ಕೆ ಕೆಲಸವಿತ್ತು. ಈಗ ಕಡಲನ್ನು ತುಂಬಿಸಿ ನೆಲ ಮಾಡುತ್ತಿರುವುದರಿಂದ ಮೀನುಗಾರಿಕೆ ಸೊರಗಿದೆ; ಎಳೆಯರು ಇಂಗ್ಲಿಷು, ಮಲಯಗಳಿಗೆ ಹೊರಳಿದ್ದಾರೆ; ಭಾಷೆಯನ್ನು ಉಳಿಸಲು ಹಿರಿಯರು ತರಗತಿ ನಡೆಸುವಂತಾಗಿದೆ. ಕೆಲಸ ಕಡಿಮೆಯಾದೊಡನೆ ಮಾತೂ ಕಡಿಮೆಯಾಗುತ್ತಿದೆ.

ಹುಡುಗನ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿ ಸಿಕ್ಕಿತೆಂದು ನಮಗೆ ಅನಿಸಿದೆ. ದೇವರು, ಹಬ್ಬ, ಊಟಗಳನ್ನು ಮಾತಿಲ್ಲದೆಯೂ ಉಳಿಸಿಕೊಳ್ಳಬಹುದು. ಚೆಟ್ಟಿಗಳು ಅದನ್ನು ತೋರಿಸಿಕೊಟ್ಟಿದ್ದಾರೆ. ಕನ್ನಡ ಹೋದರೂ ನಮ್ಮ ಮೊಮ್ಮಕ್ಕಳು ಯುಗಾದಿಗೆ ಬೇವುಬೆಲ್ಲ ತಿಂದಾರು. ಆದರೆ ಊರಿನಲ್ಲಿರುವ ಅಜ್ಜಿಯೊಡನೆ ಜಗಳವಾಡಲು, ಅವಳು ಹೇಳುವ ಹಾಸ್ಯಕ್ಕೆ ನಗಲು, ಅವಳ ಕೊನೆಗಾಲದಲ್ಲಿ ಪಕ್ಕದಲ್ಲಿ ಕುಳಿತು ಅವಳ ಮಾತು ಕೇಳಲು ಹೋಳಿಗೆ ಸಾಲದು. ಇನ್ನು ಮಾತು ಉಳಿಯಬೇಕಾದರೆ ಅದಕ್ಕೆ ದಿನನಿತ್ಯದ ಏನಾದರೊಂದು ಕೆಲಸ ಬೇಕು. ವಾರಕ್ಕೊಂದು ಗಂಟೆ ಕಾಗುಣಿತ ತಿದ್ದಿಸುವುದು ಅಗತ್ಯವೇ, ಆದರೆ ‘ಗುಂಡಿ!’ ಎಂದು ಕೂಗದಿದ್ದರೆ ಹಿಂದಿನ ತಂಗಿ ಬೀಳುತ್ತಾಳೆ ಎಂಬ ಕಡೆ ಕನ್ನಡ ತಾನಾಗಿ ಬರುತ್ತದೆ. ಅಕ್ಷರ ಕಲಿಸುವ ಕ್ಲಾಸಿನ ಜೊತೆಗೆ ಅಂಥ ನಾಲ್ಕು ಕೆಲಸಗಳನ್ನೂ ನಾವು ಮಕ್ಕಳಿಗೆ ಒದಗಿಸಬೇಕು. ನಮಗೆ ಸಿಕ್ಕಿದ್ದು ಸೈಕಲ್ಲು. ನಿಮಗೆ ಅಡುಗೆಯೋ ಕ್ರಿಕೆಟ್ಟೋ ಕೈತೋಟವೋ ಆದೀತು.

ದಾರಿಯಲ್ಲಿ ಮಕ್ಕಳ ಒಂದು ಆಟವೂ ಬೆಳೆದಿದೆ. ಬೋರ್ಡುಗಳಲ್ಲಿ, ಅಂಗಡಿಗಳಲ್ಲಿ, ಜನರ ಮಾತಿನಲ್ಲಿ ಕನ್ನಡದವರಿಗೆ ಪರಿಚಯದ ಪದ ಸಿಕ್ಕರೆ ಒಂದು ಅಂಕ. ಬುಮಿ ನಮ್ಮ ಭೂಮಿ, ಬಹಾಸಾ ನಮ್ಮ ಭಾಷೆ, ಪೆರ್ದಾನಾ ನಮ್ಮ ಪ್ರಧಾನ, ಮುಕಾ ನಮ್ಮ ಮುಖ. ಪೋರ್ಚುಗೀಸರು ಎರಡೂ ಕಡೆ ಬಿಟ್ಟುಹೋದ ಪದಗಳಿಗೆ ಎರಡು ಅಂಕ. ಇಗರ್ಜಿ ಇಲ್ಲಿ ಗೆರೆಜಾ, ಪಾದ್ರಿ ಪದೆರಿ, ಕರಾವಳಿಯವರ ಜನೇಲು ಜೆಂಡೆಲಾ, ಅನಾನಸು ನಾನಸ್. ಆಟದಲ್ಲಿ ಗೆಲ್ಲಬೇಕಾದರೆ ಮೊದಲು ಕನ್ನಡದ ಪದ ತಿಳಿದಿರಬೇಕಲ್ಲ! ಹಿಂದಿನ ವಾರ ಅಜ್ಜಿಗೆ ಫೋನು ಮಾಡಿ ಪದ ಕೇಳಿಟ್ಟುಕೊಂಡು ಬರುವ ಜಾಣರೂ ಇದ್ದಾರೆ. ಮೊದಲು ಆ ಪ್ರಶ್ನೆ ಕೇಳಿದ ಹುಡುಗನೇ ಈಗ ಅಂಕಗಳ ಲೆಕ್ಕ ಇಡುವವನು.

ಬರುವವರಿಗೆ ಕೆಲವು ಮಾತು

ಇಡೀ ಸುತ್ತು ಸುಮಾರು ಹನ್ನೆರಡು ಕಿಲೋಮೀಟರು. ನೆಲ ಬಹುತೇಕ ಸಮತಟ್ಟು, ಆದ್ದರಿಂದ ಎಂಟು ವರ್ಷದ ಮಕ್ಕಳೂ ನಿಧಾನವಾಗಿ ಮುಗಿಸಬಲ್ಲರು. ಸೈಕಲ್ಲು ತರಲಾಗದವರಿಗೆ ಹಳೆಯ ಪೇಟೆಯ ತಂಗುಮನೆಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಬ್ರೇಕು, ಗಾಳಿ ನೋಡಿಯೇ ಹತ್ತಿರಿ. ಪೇಟೆಯ ಬೀದಿಗಳಲ್ಲಿ ಹಲವು ಒಮ್ಮುಖ ಸಂಚಾರದವು. ವಾರಾಂತ್ಯದ ಸಂಜೆಗಳಲ್ಲಿ ಜೋಂಕರ್ ಬೀದಿಯಲ್ಲಿ ರಾತ್ರಿ ಸಂತೆ ಸೇರುವುದರಿಂದ ಅತ್ತ ಸೈಕಲ್ಲಿನ ಮಾತೇ ಬೇಡ. ಸುಮಾತ್ರದ ಕಾಡುಗಿಚ್ಚಿನ ಹೊಗೆ ಕವಿದ ದಿನಗಳಲ್ಲಂತೂ ಹೊರಡಲೇಬಾರದು. 2013ರ ಜೂನ್‌ನಲ್ಲಿ ನೆರೆಯ ಮುವಾರ್‌ನಲ್ಲಿ ಆ ಹೊಗೆಯಿಂದಾಗಿ ತುರ್ತುಪರಿಸ್ಥಿತಿಯನ್ನೇ ಸಾರಬೇಕಾಯಿತು. ಗುಡಿ, ಮಸೀದಿ, ಚೆಟ್ಟಿ ಕೇರಿಗಳಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವುದು ಮರ್ಯಾದೆ. ಅವು ಜನರ ಮನೆಯಂಗಳಗಳು, ಪ್ರದರ್ಶನದ ವಸ್ತುಗಳಲ್ಲ.

ಸವಾರಿ ಮುಗಿದ ಮೇಲಿನ ತಿಂಡಿಯ ವಿಷಯ ಬರೆಯದಿದ್ದರೆ ಗುಂಪಿನ ಗೃಹಿಣಿಯರು ಒಪ್ಪುವುದಿಲ್ಲ. ತೆಂಗಿನ ಹೊಂಬಾಳೆಯ ರಸ ಕಾಯಿಸಿ ಮಾಡುವ ಇಲ್ಲಿಯ ಬೆಲ್ಲಕ್ಕೆ ದೇಶವೆಲ್ಲ ‘ಗುಲಾ ಮೆಲಾಕಾ’ ಎಂದೇ ಹೆಸರು. ಅದನ್ನು ಒಳಗಿಟ್ಟು ಅಕ್ಕಿಹಿಟ್ಟಿನಲ್ಲಿ ಹಬೆಯಾಡಿಸಿದ ‘ಪುಟು ಪಿರಿಂಗ್’ ತಿಂದವರು ನಮ್ಮ ಕಡೆಯ ಪುಟ್ಟನ್ನು ನೆನೆಯದೆ ಇರರು. ಇದೇ ಬೆಲ್ಲ ಹಾಕಿದ ಕಾಯಿಹೋಳಿಗೆ ನಮ್ಮ ಮನೆಗಳಲ್ಲಿ ಈಗ ರೂಢಿಯಾಗಿದೆ. ಊರಿನಿಂದ ಬಂದ ಅತ್ತೆಯವರೊಬ್ಬರು ಎರಡನೆಯದನ್ನು ಕೇಳಿ ಹಾಕಿಸಿಕೊಂಡದ್ದು ಅದಕ್ಕೆ ಸಿಕ್ಕ ಪ್ರಶಸ್ತಿ.

ಕೌಲಾಲಂಪುರ, ಸೆರೆಂಬಾನ್, ಜೊಹೋರ್ ಕಡೆಯ ಸದಸ್ಯರು ಮಕ್ಕಳ ರಜೆಯಲ್ಲಿ ಒಂದು ಶನಿವಾರ ಸಂಜೆಯೇ ಬಂದು ತಂಗಿದರೆ ಭಾನುವಾರ ಬೆಳಿಗ್ಗೆ ಜೊತೆಗೂಡಬಹುದು. ಹೆಲ್ಮೆಟ್ಟು, ನೀರಿನ ಬಾಟಲಿ ನೀವೇ ತನ್ನಿರಿ. ಪಂಪು, ಪಂಚರಿನ ಸಾಮಾನು ನಮ್ಮಲ್ಲಿದೆ. ಹೊಸಬರ ಮಕ್ಕಳನ್ನು ನಾವು ಸಾಲಿನ ನಡುವಿನಲ್ಲೇ ನಿಲ್ಲಿಸುತ್ತೇವೆ. ಕನ್ನಡ ಸರಿಯಾಗಿ ಬಾರದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಎಡ, ಬಲ, ನಿಲ್ಲು, ಗುಂಡಿ ಎಂಬ ನಾಲ್ಕು ಮಾತು ಬಂದರೆ ಮೊದಲ ದಿನಕ್ಕೆ ಸಾಕು. ಉಳಿದದ್ದನ್ನು ದಾರಿಯಲ್ಲಿ ಮಕ್ಕಳೇ ಕಲಿಸಿಕೊಡುತ್ತಾರೆ.